ಬಣ್ಣಕ್ಕೊಂದು ನಂಬರು

ನಾನು ಒಂದು ಸ್ಟೈಲ್‌ಶೀಟ್. ಕಂಪ್ಯೂಟರಿನೊಳಗೆ ಕೂತು ವಿವರಗಳನ್ನು ಜೋಡಿಸಿಕೊಡುವ, ಎರಡು ಪುಟಕ್ಕೂ ಕಡಿಮೆಯ ಬರಹ. ಹುಟ್ಟಿದ್ದು ದಾವಣಗೆರೆಯ ಒಂದು ವಧು-ವರ ಮಾಸಿಕದ ಕಚೇರಿಯಲ್ಲಿ. ನನ್ನನ್ನು ಬರೆದವಳು ಅಲ್ಲಿನ ಆಪರೇಟರ್ ವಿಶಾಲಾಕ್ಷಿ. ಖುಷಿಯಿಂದಲೇ ಬರೆದಳು, ಪಾಪ. ನನಗಂತೂ ಹುಟ್ಟಿದ ವಾರದಲ್ಲೇ ಈ ಕೆಲಸ ಹೇಸಿಗೆಯಾಯಿತು.

ಎಕ್ಸ್‌ಎಂಎಲ್ ಅಂತ ಒಂದು ಕಡತ ಬರುತ್ತಿತ್ತು. ಮದುವೆಗೆ ನಿಂತವರ ಹೆಸರು, ವಯಸ್ಸು, ಒಳಜಾತಿ, ಬಣ್ಣ, ಒಂದೊಂದಕ್ಕೂ ಹಿಂದೆ ಮುಂದೆ ಚೀಟಿ ಅಂಟಿಸಿದ ಹಾಗೆ ಗುರುತು. ಅದರಲ್ಲಿ ಎಲ್ಲರೂ ಬಂದ ಹಾಗೆ ಕಲೆತು ಕೂತಿರುತ್ತಿದ್ದರು. ನೋಡಲು ಚೆನ್ನಾಗಿಯೇ ಇತ್ತು. ನಾನು ಹೋಗಿ ಅದನ್ನು ಕೆಡಿಸಬೇಕು. ಒಂದು ಒಳಜಾತಿಯ ಮೊದಲ ಮನುಷ್ಯ ಸಿಕ್ಕ ಕೂಡಲೇ ತಲೆಬರಹ ಹಾಕಿ, ಆ ಜಾತಿಯವರನ್ನೆಲ್ಲ ಹುಡುಕಿ ತಂದು ಕೆಳಗೆ ಗುಂಪು ಮಾಡುವುದು. ಆಮೇಲೆ ಗುಂಪಿನೊಳಗೆ ಸಾಲು. ಹುಡುಗರದು ಉದ್ಯೋಗದ ಪ್ರಕಾರ, ಹುಡುಗಿಯರದು ಬಣ್ಣದ ಪ್ರಕಾರ. ಹುಡುಗರಿಗೆ ಬಣ್ಣ ಎಂಬ ವಿವರವೇ ಇರಲಿಲ್ಲ. ಅವರೆಲ್ಲ ನೀರಿನ ಹಾಗಿದ್ದರೋ ಏನೋ.

ಮೊದಲ ಸಂಚಿಕೆಯಲ್ಲಿ ಅಕ್ಷರಮಾಲೆಯಂತೆ ಜೋಡಿಸಿದೆ. ಕಪ್ಪು ಮೊದಲು, ಆಮೇಲೆ ಗೋಧಿ, ಕೊನೆಗೆ ಬಿಳಿ. ಹಾಗಾಗಿ ಒಂದು ಗುಂಪಿನಲ್ಲಿ ಎಲ್ಲರಿಗಿಂತ ಮೇಲೆ ವಿಶಾಲಾಕ್ಷಿಯ ಅಕ್ಕ ಸರ್ವಮಂಗಳ ಬಂದಳು. ರಕ್ತ ಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ, ಮೂವತ್ತು ದಾಟಿತ್ತು. ಹರಿಹರದ ಒಂದು ಮನೆಯವರು ಮುಂದಿನ ತಿಂಗಳು ನೋಡಲು ಬರುತ್ತೇವೆ ಎಂದರು. ಹುಡುಗ ಫೋನಿನಲ್ಲಿ ಮಾತಾಡಿದ. ಮಧ್ಯಾಹ್ನ ಬುತ್ತಿ ತಿನ್ನಲು ತಂಗಿಯ ಕಚೇರಿಗೆ ಬಂದ ಸರ್ವಮಂಗಳ, "ಚೆನ್ನಾಗಿ ನಗಿಸ್ತಾನೆ ಕಣೇ" ಎಂದಳು.

ಮಾಲೀಕ ಚನ್ನವೀರಯ್ಯ ಸಂಚಿಕೆ ಹಿಡಿದುಕೊಂಡು ಬಂದ.

"ಏನಮ್ಮಾ, ಕಪ್ಪು ಹುಡುಗೀರ್ನೆಲ್ಲ ಮುಂದೆ ನಿಲ್ಸಿದೀಯಲ್ಲ?"

"ಅಕ್ಷರದ ಪ್ರಕಾರ ಬಂದೈತಿ ಸರ್."

"ಅಕ್ಷರ ಕಟ್ಕಂಡು ಯಾರ್ ಸಂಸಾರ ಮಾಡ್ತಾರೆ? ಬಿಳಿಗೆ ಒಂದ್ನೇ ನಂಬರ್ ಕೊಡು."

ಬಿಳಿಗೆ ಒಂದು, ಗೋಧಿಗೆ ಎರಡು, ಕಪ್ಪಿಗೆ ಮೂರು ಎಂದು ವಿಶಾಲಾಕ್ಷಿ ನನ್ನ ಹೊಟ್ಟೆಯೊಳಗೆ ಬರೆದಳು. ಮೂರನೇ ನಂಬರು ಅವಳ ಅಕ್ಕನದೂ ಆಗಿತ್ತು. ವಾಂತಿ ಮಾಡಿಕೊಳ್ಳಲು ಬರುವ ಹಾಗಿದ್ದರೆ ನಾನು ಆ ದಿನ ಮಾಡಿಕೊಳ್ಳುತ್ತಿದ್ದೆ. ಎರಡನೇ ಸಂಚಿಕೆಯಲ್ಲಿ ಸರ್ವಮಂಗಳ ಗುಂಪಿನ ತಳಕ್ಕೆ ಹೋದಳು.

ಹರಿಹರದವರು ಆ ಸಂಚಿಕೆಯನ್ನೂ ಕೊಂಡಿದ್ದರು. ಹುಡುಗನ ತಾಯಿ ಕಚೇರಿಗೆ ಫೋನು ಮಾಡಿ, "ಹೋದ್ ತಿಂಗ್ಳು ಮೊದ್ಲಿಗೆ ಇದ್ಲು, ಈಗ ಕೊನೀಗೆ ಹಾಕೀರಿ. ಏನೋ ಇರ್ಬೇಕು ಬಿಡ್ರಿ, ನಾವು ಬರಾದಿಲ್ಲ" ಎಂದರು. ಬಣ್ಣ ಅವರಿಗೆ ಮೊದಲೇ ಗೊತ್ತಿತ್ತು, ಅಚ್ಚಾಗಿಯೇ ಇತ್ತಲ್ಲ. ಸಾಲಿನಲ್ಲಿ ಕೆಳಗಿಳಿದದ್ದನ್ನೇ ಹುಡುಗಿಯ ಮೇಲಿನ ತೀರ್ಪು ಎಂದುಕೊಂಡರು. ಹುಡುಗನೂ ಆಮೇಲೆ ಅವಳ ಫೋನು ಎತ್ತಲಿಲ್ಲ. ಥೂ.

"ಗೋಧಿ ಅಂತ ಬದ್ಲಾಯಿಸ್ಲೇನಕ್ಕ?" ಎಂದು ವಿಶಾಲಾಕ್ಷಿ ಕೇಳಿದಳು.

"ಬ್ಯಾಡ. ಬಣ್ಣ ಅನ್ನಾದನ್ನೇ ಕಿತ್ತಾಕು."

ಅಕ್ಕನ ವಿವರದಿಂದ ಬಣ್ಣವನ್ನು ಕಿತ್ತುಹಾಕಿದಳು. ಅದರಿಂದ ಏನಾಗುತ್ತದೆಂದು ಇಬ್ಬರಿಗೂ ಗೊತ್ತಿರಲಿಲ್ಲ. ನಂಬರೇ ಇಲ್ಲದವರನ್ನು ಎಲ್ಲ ನಂಬರುಗಳಿಗಿಂತ ಮೊದಲು ಇಡುವುದು ನನ್ನ ಹುಟ್ಟುಗುಣ. ಮೂರನೇ ಸಂಚಿಕೆಯಲ್ಲಿ ಸರ್ವಮಂಗಳ ಬಿಳಿ ಹುಡುಗಿಯರೆಲ್ಲರಿಗಿಂತ ಮೇಲೆ ಬಂದಳು.

ಊಟದ ಹೊತ್ತಿಗೆ ಮತ್ತೆ ಹರಿಹರದ ಹುಡುಗನ ತಾಯಿಯ ಫೋನು ಬಂತು. ವಿಶಾಲಾಕ್ಷಿ ಅದನ್ನು ಬುತ್ತಿ ತಿನ್ನುತ್ತಿದ್ದ ಅಕ್ಕನ ಕೈಗೆ ಕೊಟ್ಟಳು.

"ಮತ್ತೆ ಮೊದ್ಲಿಗೆ ಬಂದಾಳಲ್ಲ. ಏನಿತ್ತೋ ಅದು ಸರಿ ಹೋತೇನು? ಹಂಗಿದ್ರೆ ಈ ಭಾನ್ವಾರ ಬರ್ತೀವಿ."

ಸರ್ವಮಂಗಳ ರೊಟ್ಟಿ ಕೆಳಗಿಟ್ಟಳು. "ನಾನು ಸರ್ವಮಂಗಳಾನೇ ಮಾತಾಡ್ತಿರಾದು. ಬರ್ಬ್ಯಾಡ್ರಿ" ಎಂದು ಫೋನಿಟ್ಟಳು. ತಂಗಿಗೆ, "ನನ್ನ ಹೆಸ್ರೇ ತೆಗಿ" ಎಂದಳು. ಆ ಹುಡುಗ ಅವಳಿಗೆ ಇಷ್ಟವಾಗಿದ್ದ. ಅರ್ಧ ಬುತ್ತಿ ಹಾಗೇ ಮುಚ್ಚಿಕೊಂಡು ಲ್ಯಾಬಿಗೆ ಹೋದಳು.

ಮಾಸಿಕ ಈಗ ಮೊಬೈಲಿಗೆ ಹೋಗಿದೆ, ವಿಶಾಲಾಕ್ಷಿ ಕೆಲಸ ಬಿಟ್ಟಿದ್ದಾಳೆ. ನಾನು ಹಳೆಯ ಕಂಪ್ಯೂಟರಿನಲ್ಲಿ ಯಾರೂ ತೆರೆಯದ ಕಡೆ ಬಿದ್ದಿದ್ದೇನೆ. ಸುಖವಾಗಿದ್ದೇನೆ ಅನ್ನಲಾರೆ, ನಾಲ್ಕನೇ ಸಂಚಿಕೆ ಮರೆಯುವುದಿಲ್ಲ. ಅದರಲ್ಲಿ ಸರ್ವಮಂಗಳ ಇರಲಿಲ್ಲ. ಹಾಗಂತ ಗುಂಪಿನ ಕೊನೆಯ ಜಾಗವೇನೂ ಖಾಲಿ ಉಳಿಯಲಿಲ್ಲ. ಆ ತಿಂಗಳು ಹೊಸದಾಗಿ ಸೇರಿದ ಗೋಧಿ ಬಣ್ಣದ ಹುಡುಗಿಯೊಬ್ಬಳು ಅಲ್ಲಿ ನಿಂತಿದ್ದಳು. ಅವಳ ಅಪ್ಪ ಆ ವಾರವೇ ಕಚೇರಿಗೆ ಬಂದು, ಸಂಚಿಕೆ ಮೇಜಿನ ಮೇಲಿಟ್ಟು, ಮೆಲ್ಲಗೆ ಕೇಳಿದರು:

"ನಮ್ ಹುಡುಗೀಗೆ ಏನ್ ಕಮ್ಮಿ ಆಗೇತಿ ಅಂತ ಕೊನೀಗೆ ಹಾಕೀರಮ್ಮ?"