ಅಣ್ಣ ಬಿಟ್ಟುಹೋದ ವಾಕ್ಯ

ನಮ್ಮೂರು ಮನಿಸಾಲೆಸ್‌ನಲ್ಲಿ ಡಾಕ್ಟರ್ ಆಗಲು ಓದಬೇಕಿಲ್ಲ. ಟೈ ಕಟ್ಟಿ ಕೈಯಲ್ಲೊಂದು ಚೀಲ ಹಿಡಿದರೆ ಸಾಕು, ಬ್ಯಾಂಕಿನ ಕಾವಲುಗಾರನಿಂದ ಬೂಟು ಪಾಲಿಶ್ ಮಾಡುವವನವರೆಗೆ ಎಲ್ಲರೂ "ಬನ್ನಿ ಡಾಕ್ಟರೇ" ಅನ್ನುತ್ತಾರೆ. ನನ್ನ ಅಣ್ಣ ಎದಿಲ್ಬೆರ್ತೊ ಮಾಹಿತಿ ವ್ಯವಸ್ಥೆಗಳಲ್ಲಿ ಡಾಕ್ಟರೇಟ್‌ಗೆ ಸೇರಿದ ದಿನವೇ ನಮ್ಮ ಬೀದಿಯ ಪಾಲಿಗೆ ಡಾಕ್ಟರ್ ಆಗಿಬಿಟ್ಟ. ಪ್ರಬಂಧ ಇನ್ನೂ ಅರ್ಧವಿರುವಾಗ ಎದೆ ಹಿಡಿದುಕೊಂಡು ಹೋಗಿಬಿಟ್ಟ. ಕಲ್ಲು ಕೆತ್ತುವವನು ಯಾರನ್ನೂ ಕೇಳದೆ ಸಮಾಧಿಯ ಮೇಲೆ "ಡಾಕ್ಟರ್ ಎದಿಲ್ಬೆರ್ತೊ ಓಸ್ಪಿನಾ" ಎಂದು ಕೆತ್ತಿದ. ಅಳಿಸು ಎಂದು ಅಮ್ಮ ಹೇಳಲಿಲ್ಲ. ಹೇಳಲು ನನಗೂ ಬಾಯಿ ಬರಲಿಲ್ಲ.

ನಾನು ಆಸ್ಪತ್ರೆಯ ಕಂಪ್ಯೂಟರ್ ವಿಭಾಗದಲ್ಲಿದ್ದೇನೆ. ಅಣ್ಣ ಓದುತ್ತಿದ್ದ ವಿಷಯದಲ್ಲೇ ಎರಡು ವರ್ಷದ ಮಾಸ್ಟರ್ಸ್ ಮುಗಿಸಿ ಆ ವಿಭಾಗವನ್ನು ನಾನೇ ನಡೆಸಬೇಕೆಂದು ಆಸೆ. ಅಷ್ಟರಲ್ಲಿ ಅಣ್ಣನ ಪ್ರಬಂಧಕ್ಕೆ ಮಾರ್ಗದರ್ಶಕರಾಗಿದ್ದ ಮೇಷ್ಟ್ರು ಕರೆಸಿದರು.

"ನೋಡಮ್ಮ ನೋರೈದಾ, ನಿನ್ನನ್ನ ನೇರವಾಗಿ ಡಾಕ್ಟರೇಟ್‌ಗೇ ತಗೋತೀನಿ. ಅವನು ಬಿಟ್ಟಲ್ಲಿಂದ ನೀನು ಹಿಡ್ಕೋ. ಮಾಸ್ಟರ್ಸೋ ಡಾಕ್ಟರೇಟೋ ಅಂತ ಸೋಮವಾರದೊಳಗೆ ಹೇಳ್ಬಿಡು."

ಅಮ್ಮನ ಆಸೆಯೂ ಅದೇ. "ಕಲ್ಲಿನ ಮೇಲಿರೋದು ಸುಳ್ಳಾಗ್ಬಾರ್ದು ಕಣೇ," ಅಂದಳು.

ಭಾನುವಾರ ಬೆಳಿಗ್ಗೆ ಅಣ್ಣನ ಕೋಣೆಯಲ್ಲಿ ಕೂತು ಅವನ ಪ್ರಬಂಧ ತೆರೆದೆ. ಕೊನೆಯ ವಾಕ್ಯ ಅರ್ಧಕ್ಕೇ ನಿಂತಿತ್ತು. ನೋಡೋಣವೆಂದು ಸುಮ್ಮನೆ ಅದನ್ನು ಮುಗಿಸಿದೆ. ಆಮೇಲೆ ಇನ್ನೊಂದು, ಮತ್ತೊಂದು. ಓದಿದರೆ ನನ್ನ ಧಾಟಿಯೇ ಅಲ್ಲ. ನಾನೆಂದೂ ಬಳಸದ ಪದಗಳು, ಅವನ ಉದ್ದುದ್ದ ವಾಕ್ಯಗಳು. ಎಡಗೈಯಲ್ಲಿ ಹುಬ್ಬು ತಿಕ್ಕಿಕೊಳ್ಳುತ್ತಿದ್ದೆ, ಅದೂ ಅವನ ಚಾಳಿ. ಆದರೂ ಬೆರಳು ನಿಲ್ಲಲಿಲ್ಲ.

ಅಮ್ಮ ಕಾಫಿ ತಂದು ಪಕ್ಕದಲ್ಲಿಟ್ಟಳು. "ಕುಡೀರಿ ಡಾಕ್ಟರೇ, ಆರ್ಹೋಗತ್ತೆ."

ಅವಳ ಮುಖದಲ್ಲಿ ತಮಾಷೆ ಇರಲಿಲ್ಲ. ಅವಳು ನೋಡುತ್ತಿದ್ದುದು ನನ್ನನ್ನಲ್ಲ.

"ಅಮ್ಮ, ನಾನು ನೋರೈದಾ."

"ಗೊತ್ತು ಕಣೇ," ಅಂದಳು.

ನನಗೆ ನಿಜಕ್ಕೂ ಹೆದರಿಕೆಯಾಯಿತು. ವರ್ಷಗಟ್ಟಲೆ ಹೀಗೆ ಕೂತರೆ ಡಾಕ್ಟರ್ ಆಗುವುದು ಅವನು, ನಾನು ಎಲ್ಲೂ ಇರುವುದಿಲ್ಲ. ಬರೆದುದನ್ನೆಲ್ಲ ಅಳಿಸಿದೆ. ನನಗೆ ಮಾಸ್ಟರ್ಸ್ ಸಾಕು ಎಂದು ಮೇಷ್ಟ್ರಿಗೆ ಬರೆದು ಕಳಿಸಿ, ಕಂಪ್ಯೂಟರ್ ಆರಿಸಿ, ಅಡುಗೆಮನೆಗೆ ಹೋಗಿ ಅಮ್ಮನಿಗೂ ಹೇಳಿದೆ.

"ಹಂಗಾದ್ರೆ ಅವಂದು ಯಾರು ಮುಗಿಸ್ತಾರೆ?"

"ಯಾರೂ ಇಲ್ಲಮ್ಮ. ಅಣ್ಣ ಡಾಕ್ಟರ್ ಆಗ್ಲೇ ಇಲ್ಲ. ಆಗೋಕ್ಮುಂಚೆನೇ ಸತ್ತೋದ."

ಆ ಮಾತನ್ನು ನಮ್ಮ ಮನೆಯಲ್ಲಿ ಯಾರೂ ಆಡಿರಲಿಲ್ಲ. ಅಮ್ಮ ಹಂಚಿನ ಮೇಲಿನ ಅರೆಪಾ ರೊಟ್ಟಿ ತಿರುವಿ ಹಾಕುವುದನ್ನೂ ಮರೆತು, ಗೋಡೆ ನೋಡುತ್ತಾ ಅತ್ತಳು. ರೊಟ್ಟಿ ಸೀದ ವಾಸನೆ ಬಂತು. ನಾನೇ ಒಲೆ ಆರಿಸಿದೆ.

ಆಗ ಯಾರೂ ಇಲ್ಲದ ಅಣ್ಣನ ಕೋಣೆಯಿಂದ ಕೀಲಿಮಣೆಯ ಸದ್ದು ಕೇಳಿತು. ಟಕಟಕ ಎಂದು ಒಂದಷ್ಟು, ಯೋಚಿಸುವವರಂತೆ ತಡೆದು, ಮತ್ತೆ ಟಕಟಕ. ನಾನು ಬಾಗಿಲ ಕಡೆ ಹೊರಟೆ. ಅಮ್ಮ ತೋಳು ಹಿಡಿದಳು.

"ಬಿಡು, ಅವನ ಪಾಡಿಗೆ ಅವನು ಬರ್ಕೊಳ್ಲಿ. ನೀನು ಬಾ, ಊಟ ಮಾಡು."