ಬಿಡಬೇಡ ಎನ್ನುವ ಮಾತು

ಮೇಘನಾ ಸಾಗರದವಳು, ಪ್ರವಾಸಿಗರಿಗೆ ಕಾಡಿನ ಹಕ್ಕಿ ತೋರಿಸುವ ಗೈಡ್. ಸ್ಪೇನಿನವರು ಬರತೊಡಗಿದ ಮೇಲೆ ಮೈಸೂರಿನ ಮೂಕಾಂಬಿಕಾ ಟೀಚರ್ ಹತ್ತಿರ ಫೋನಿನಲ್ಲೇ ಸ್ಪ್ಯಾನಿಷ್ ಕಲಿಯಲು ಹಿಡಿದಳು. ಬಾ, ನೋಡು, ಕೂರು ಎಲ್ಲ ಸಲೀಸಾಗಿ ಬಂತು. ‘ಬೇಡ’ ಎನ್ನುವುದೊಂದು ನಾಲಿಗೆಗೆ ಹತ್ತಲಿಲ್ಲ. ಆ ಭಾಷೆಯಲ್ಲಿ ಮುಂದೆ ‘ನೋ’ ಸೇರಿಸಿದರೆ ಸಾಲದು, ಕ್ರಿಯಾಪದದ ಕೊನೆಯೂ ಬದಲಾಗಬೇಕು. ಬಿಡು ಎನ್ನಲು ‘ಸ್ವೆಲ್ತಾ’, ಬಿಡಬೇಡ ಎನ್ನಲು ‘ನೋ ಸ್ವೆಲ್ತೆಸ್’. ಟೀಚರ್ ತಿದ್ದಿದಾಗಲೆಲ್ಲ, ಇಷ್ಟು ತಪ್ಪಿದರೂ ಜನಕ್ಕೆ ತಿಳಿಯುತ್ತದೆ ಎಂದು ನಕ್ಕುಬಿಡುತ್ತಿದ್ದಳು.

ಅಕ್ಟೋಬರಿನಲ್ಲಿ ಪಿಲಾರ್ ಬಂದರು. ಅರವತ್ತು ದಾಟಿದ ನಿವೃತ್ತ ಶಿಕ್ಷಕಿ; ಇಂಗ್ಲಿಷ್ ಬಾರದು. ತಮ್ಮನ್ನು ‘ನೀನು’ ಎಂದೇ ಕರೆಯಬೇಕೆಂದು ಮೊದಲ ದಿನವೇ ಹಟ ಮಾಡಿದ್ದರು. ಹೊಸನಗರದ ಕಡೆಯ ಕಾಡಿಗೆ ಹಳ್ಳ ದಾಟಿ ಹೋದರು. ಮರಳುವಷ್ಟರಲ್ಲಿ ಮೇಲೆಲ್ಲೋ ಮಳೆ ಬಿದ್ದು ನೀರು ಕೆಂಪಾಗಿ ಏರಿತ್ತು. ಆಚೆ ದಡದಲ್ಲಿದ್ದ ಜೀಪಿನ ನಟರಾಜ್, ನೀರು ಇಳಿಯಲಿ ತಡಿ ಎಂದು ಕೈಸನ್ನೆ ಮಾಡಿದ. ಬೆಳಿಗ್ಗೆ ಕಟ್ಟಿದ ಹಗ್ಗ ಇದೆಯಲ್ಲ ಎಂದು ಮೇಘನಾ ತಾನೇ ಮೊದಲು ದಾಟಿದಳು.

ಹಿಂದೆ ಬರುತ್ತಿದ್ದ ಪಿಲಾರ್ ಕಾಲು ನಡುನೀರಿನಲ್ಲಿ ಜಾರಿತು. ಎರಡೂ ಕೈಯಲ್ಲಿ ಹಗ್ಗಕ್ಕೆ ಜೋತುಬಿದ್ದು, ಮುಂದೇನು ಎಂದು ಕೇಳುವಂತೆ ಮೇಘನಾಳನ್ನೇ ನೋಡಿದರು.

“ನೋ ಸ್ವೆಲ್ತಾ,” ಎಂದು ಕೂಗಿದಳು ಮೇಘನಾ.

ನೀರಿನ ಮೊರೆತದಲ್ಲಿ ‘ನೋ’ ಕೊಚ್ಚಿಹೋಯಿತು. ಅವಳು ಮತ್ತೆ ಕೂಗಿದಳು. ಪಿಲಾರ್ ಆಗಲಿ ಎಂಬಂತೆ ತಲೆಯಾಡಿಸಿ ಕೈ ಬಿಟ್ಟರು.

ಹೆಣ ಮರುದಿನ ಸಿಕ್ಕಿತು. ಭಾಷೆ ತಿಳಿಯದಿದ್ದರೂ, ಬಿಡಬೇಡಿ ಎಂದೇ ಮೇಘನಾ ಕೂಗಿದ್ದಳೆಂದು ನಟರಾಜ್ ಪೊಲೀಸರಿಗೆ ಹೇಳಿದ. ಅವರು ಹಾಗೆಯೇ ಬರೆದುಕೊಂಡರು. ನಿನ್ನಿಂದ ಆದಷ್ಟು ಮಾಡಿದೆ ಎಂದು ಎಲ್ಲರೂ ಸಮಾಧಾನ ಹೇಳಿದರು.

ಪಿಲಾರ್ ಅವರ ಮಗಳು ಇನೆಸ್ ಬಂದು, ಅಮ್ಮನಿಗೆ ಕೊನೆಗೆ ಏನು ಹೇಳಿದಿರಿ ಎಂದು ಶವಾಗಾರದ ಮುಂದೆ ತನ್ನ ಭಾಷೆಯಲ್ಲಿ ಕೇಳಿದಳು. ಆ ಭಾಷೆ ಬಲ್ಲವರು ಅಲ್ಲಿ ಬೇರೆ ಯಾರೂ ಇರಲಿಲ್ಲ. ಏನು ಹೇಳಿದ್ದರೂ ನಡೆಯುತ್ತಿತ್ತು. ಮೇಘನಾ ಕೂಗಿದ್ದ ಮಾತನ್ನೇ, ಕೂಗಿದ್ದ ಹಾಗೆಯೇ ಹೇಳಿದಳು.

ಗೈಡ್ ಹೇಳಿದ ಮಾತನ್ನು ಅಮ್ಮ ಯಾವತ್ತೂ ಮೀರುತ್ತಿರಲಿಲ್ಲ ಎಂದಷ್ಟೇ ಹೇಳಿ ಇನೆಸ್ ಒಳಗೆ ಹೋದಳು.

ಶವದ ಗಾಡಿ ತೀರ್ಥಹಳ್ಳಿಯ ದಾರಿ ಹಿಡಿದ ಮೇಲೆ ನಟರಾಜ್ ಹತ್ತಿರ ಬಂದ. “ಆ ಹುಡುಗಿ ಎಂತ ಅಂದ್ಲು?”

“ನಾನು ಬಿಡು ಅಂದೆ, ನಟರಾಜಣ್ಣ. ಅವ್ರು ಬಿಟ್ರು.”

ನಟರಾಜನಿಗೆ ಅರ್ಥವಾಗಲಿಲ್ಲ. ಊಟ ಮಾಡದೆ ಎಷ್ಟು ಹೊತ್ತಾಯಿತು, ಮನೆಗೆ ಬಾ ಎಂದು ಜೀಪಿನ ಬಾಗಿಲು ತೆಗೆದ.