ಊಟ ಅಲ್ಲಿ, ಆಶೀರ್ವಾದ ಇಲ್ಲಿ

"ಊಟ ಮಾತ್ರ ಅಲ್ಲಿ, ಮದ್ರಿನ್ಯಾ. ಆಶೀರ್ವಾದ ಇಲ್ಲೇ" ಎಂದಳು ಗ್ರಾಸಿಂದಾ, ಹೊಸಿಲಿನ ಆಚೆಯೇ ನಿಂತು.

ಲಿದುವಿನಾ ಉಪ್ಪುಮೀನನ್ನು ಎಳೆ ಎಳೆಯಾಗಿ ಬಿಡಿಸುತ್ತಿದ್ದಳು. ಕೈ ನಿಲ್ಲಲಿಲ್ಲ. "ಅಲ್ಲಿ ಅಂದ್ರೆ ಎಲ್ಲಿ?"

"ಕೆಳಬೀದೀಲಿ ಹೊಸ ಹೋಟ್ಲು ತೆಗೆದಿದಾರಲ್ಲ, ಅಲ್ಲಿ. ನಿಮ್ಮಲ್ಲಿ ಪ್ರವಾಸಿಗಳಿಗೆ ಕೂರೋಕೆ ಜಾಗ ಎಲ್ಲಿದೆ ಹೇಳಿ. ಟೂರ್ ಕಂಪನಿಯೋರು ತೀರ್ಮಾನ ಮಾಡಿದ್ಮೇಲೆ ನಾನೇನ್ಮಾಡ್ಲಿ?"

"ಇಷ್ಟು ದಿನ ಬೀದೀಲಿ ನಿಂತ್ಕೊಂಡೇ ತಿಂತಿದ್ರಲ್ಲೇ! ಮೀನು ಮೊನ್ನೆಯಿಂದ ನೆನೀತಾ ಇದೆ. ನೀರಿಗೆ ಬಿದ್ದ ಮೀನನ್ನ ಮತ್ತೆ ಉಪ್ಪಿಗೆ ಹಾಕೋಕಾಗುತ್ತಾ?"

ನನ್ನದು ಎದುರಿನ ಹೊಲಿಗೆಯಂಗಡಿ. ಕಾಫಿಗೆಂದು ಬಂದು ಕೂತಿದ್ದೆ. ಬಾಯಿ ಮುಚ್ಚಿಕೊಂಡಿರುವುದು ನನಗೆ ಹುಟ್ಟಿನಿಂದಲೇ ಬಂದಿಲ್ಲ. "ಅಲ್ಲಿ ಮೀನಿನ ಪತಾನಿಶ್ಕಾ ವಡೆ ಯಾರು ಕರೀತಾರೆ?" ಎಂದೆ.

"ಒಬ್ಬ ಹುಡುಗ ಇದಾನೆ. ಒಳಗೆ ಚೀಸ್ ಇಟ್ಟು ಕರೀತಾನೆ."

"ಉಪ್ಪುಮೀನಿಗೆ ಚೀಸಾ!" ನಾನು ಶಿಲುಬೆಯ ಗುರುತು ಹಾಕಿಕೊಂಡೆ. "ನಿಮ್ಮಜ್ಜಿ ಗೋರಿ ಒದ್ದುಕೊಂಡು ಎದ್ದು ಬರ್ತಾಳೆ ಕಣೆ."

ಗ್ರಾಸಿಂದಾ ನಗಲಿಲ್ಲ. ಲಿದುವಿನಾಳೂ ನಗಲಿಲ್ಲ.

ಚರ್ಚಿನಲ್ಲಿ ಈ ಹುಡುಗಿಯ ತಲೆಗೆ ಜ್ಞಾನಸ್ನಾನದ ನೀರು ಬಿದ್ದಾಗ ಎತ್ತಿಕೊಂಡು ನಿಂತವಳು ಲಿದುವಿನಾ. ಹೆತ್ತವಳು ಕಸ ಗುಡಿಸಲೆಂದು ಲಕ್ಸೆಂಬರ್ಗಿಗೆ ಹೋದ ಮೇಲೆ ಹುಡುಗಿ ಬೆಳೆದದ್ದು ಮೋರಾರಿಯಾ ಕೇರಿಯ ಈ ಅಡುಗೆಮನೆಯಲ್ಲೇ. ಮದ್ರಿನ್ಯಾ, ಅಂದರೆ ಜ್ಞಾನತಾಯಿ, ಎದುರಾದರೆ ಮೊದಲು ತಲೆ ಬಗ್ಗಿಸಿ ಆಶೀರ್ವಾದ ಕೇಳಬೇಕು, ಆಮೇಲೆ ಉಳಿದ ಮಾತು. ಲಿಸ್ಬನ್ನಿನ ಈಗಿನ ಹುಡುಗರು ಅದನ್ನೆಲ್ಲ ಬಿಟ್ಟಿದ್ದಾರೆ. ಗ್ರಾಸಿಂದಾ ಬಿಟ್ಟಿರಲಿಲ್ಲ. ವಿದೇಶದವರನ್ನು ಓಣಿ ಓಣಿ ಸುತ್ತಿಸಿ ನಮ್ಮ ತಿಂಡಿ ತಿನ್ನಿಸುವ ಕೆಲಸಕ್ಕೆ ಸೇರಿದ ಹೊಸದರಲ್ಲಿ, ಅವರನ್ನು ಇಲ್ಲಿಗೆ ಕರೆತಂದು, ಅವರೆದುರೇ ಅಭ್ಯಾಸಬಲದಿಂದ ತಲೆ ಬಗ್ಗಿಸಿದ್ದಳು. ಅವರು ಫೋಟೋ ತೆಗೆದರು. ಆಮೇಲಾಮೇಲೆ ಅವಳೇ ಓಣಿಯ ತುದಿಯಲ್ಲಿ ಮುಂಚೆಯೇ ಹೇಳಿ, ಫೋನುಗಳನ್ನು ಸಿದ್ಧ ಮಾಡಿಸಿ ಕರೆತರತೊಡಗಿದಳು. ಲಿದುವಿನಾ ಅದಕ್ಕೂ ಬೇಸರಪಡಲಿಲ್ಲ. ಅವರು ಬರುವ ದಿನ ಒಗೆದ ಏಪ್ರನ್ ಕಟ್ಟಿಕೊಳ್ಳುತ್ತಿದ್ದಳು, ಅಷ್ಟೆ.

ಈ ಬೆಳಿಗ್ಗೆ ಒಬ್ಬಳೇ ಬಂದವಳು ತಲೆ ಬಗ್ಗಿಸಿರಲಿಲ್ಲ. ಅದನ್ನು ನಾನೂ ಕಂಡೆ, ಲಿದುವಿನಾಳೂ ಕಂಡಳು.

"ಅಂದ್ರೆ ನನ್ನ ಕೈ ಅವರ ಕಣ್ಣಿಗೆ ಬೇಕು, ಹೊಟ್ಟೆಗೆ ಬೇಡ" ಎಂದಳು ಲಿದುವಿನಾ.

"ಹಾಗಲ್ಲ, ಮದ್ರಿನ್ಯಾ. ಎರಡೇ ನಿಮಿಷ. ಬಂದೋರು ಊರಿಗೆ ಹೋಗಿ ಬರೆಯೋದೇ ಅದನ್ನ. ಅದೂ ಇಲ್ಲಾಂದ್ರೆ ನನ್ನನ್ನ ಯಾಕೆ ಇಟ್ಕೋತಾರೆ?"

"ಬರ್ಲಿ" ಎಂದಳು ಲಿದುವಿನಾ.

ಮಧ್ಯಾಹ್ನ ಬಂದರು, ಟೋಪಿ, ಬೆವರು, ನೀರಿನ ಬಾಟಲಿ ಸಮೇತ. ಗ್ರಾಸಿಂದಾ ಬಾಗಿಲೆದುರು ತಲೆ ತಗ್ಗಿಸಿ, "ಆಶೀರ್ವಾದ, ಮದ್ರಿನ್ಯಾ" ಎಂದಳು. ಫೋನುಗಳು ಮೇಲೆದ್ದವು.

ಲಿದುವಿನಾ ಕೈಗಳನ್ನು ಏಪ್ರನ್ನಿನೊಳಗೇ ಇಟ್ಟುಕೊಂಡಿದ್ದಳು. ದನಿ ಏರಿಸದೆ, ಒಂದೊಂದೇ ಮಾತು ಬಿಡಿಸಿ ಹೇಳಿದಳು: "ಉಣ್ಣೋ ಕಡೆ ಹೋಗಿ ಕೇಳು. ಈ ಮನೇಲಿ ನಿನಗೆ ಅಂತ ಇಟ್ಟಿದ್ದೆಲ್ಲ ತಿಂದು ಮುಗಿಸಿದೀಯ. ಇನ್ಮೇಲೆ ನಾನು ನಿನಗೆ ಯಾರೂ ಅಲ್ಲ."

ಬಗ್ಗಿದ ಕತ್ತು ಸ್ವಲ್ಪ ಹೊತ್ತು ಹಾಗೇ ಇತ್ತು. ಅಳುತ್ತಾಳೆ ಎಂದುಕೊಂಡೆ. ಅತ್ತಿದ್ದರೆ ಎಲ್ಲ ಸರಿಹೋಗುತ್ತಿತ್ತೋ ಏನೋ. ಅವಳು ನೆಟ್ಟಗಾಗಿ ಜನರ ಕಡೆ ತಿರುಗಿದಾಗ ಮುಖದಲ್ಲಿ ನಗುವಿತ್ತು. ಇಂಗ್ಲಿಷಿನಲ್ಲಿ ಏನೋ ಹೇಳಿದಳು. ಪ್ರವಾಸಿಗಳ ಪ್ಯಾಂಟು ಮಡಿಸಿ ಹೊಲಿದು ಕಲಿತ ಇಂಗ್ಲಿಷು ನನ್ನದು, ಆದರೂ ಅರ್ಥವಾಯಿತು. ಎಲ್ಲರೂ ಚಪ್ಪಾಳೆ ತಟ್ಟಿದರು. ಅವಳು ಹಿಂದೆ ನೋಡದೆ ಕೆಳಬೀದಿಯ ಮೆಟ್ಟಿಲು ಹಿಡಿದಳು.

"ಏನಂದ್ಲು?" ಎಂದು ಕೇಳಿದಳು ಲಿದುವಿನಾ.

ಇದ್ದದ್ದನ್ನು ಹೇಳಿದೆ: "ದೇವರು ನಿಮ್ಮೆಲ್ಲರನ್ನೂ ಚೆನ್ನಾಗಿಟ್ಟಿರಲಿ, ಹೊಟ್ಟೆ ತುಂಬ ಉಣ್ಣಿ ಅಂತ ನೀನು ಹರಸಿದೆಯಂತೆ."

ಗುಂಪಿನ ಕೊನೆಯಲ್ಲಿದ್ದ ಒಬ್ಬ ಮುದುಕ ಹಿಂದಕ್ಕೆ ಬಂದ. ಫೋನನ್ನು ಹೆಂಡತಿಯ ಕೈಗೆ ಕೊಟ್ಟು, ಟೋಪಿ ತೆಗೆದು, ಬಿಸಿಲಿಗೆ ಕೆಂಪಾದ ಬೋಳುತಲೆಯನ್ನು ಲಿದುವಿನಾಳ ಮುಂದೆ ಬಗ್ಗಿಸಿ ನಿಂತ. ಅವಳ ಕೈ ತಾನಾಗಿ ಹೊರಗೆ ಬಂದು ಆ ತಲೆಯ ಮೇಲೆ ಕೂತಿತು. ಹೆಂಡತಿ ಫೋನು ನೋಡಿ ಅಡ್ಡಡ್ಡ ತಲೆಯಾಡಿಸಿದಳು, ಫೋಟೋ ಸರಿಯಾಗಿ ಬಂದಿರಲಿಲ್ಲ. ಇನ್ನೊಮ್ಮೆ ಎಂದು ಬೆರಳೆತ್ತಿ ತೋರಿಸಿದಳು.